ವೋಟು ಬಂತು ಸರಿ, ಓದಿದವರೆಷ್ಟು?

ಕೀಲಿಮಣೆ: ಕೆಟ್ಟ ಹಾರ್ಡ್‌ಡಿಸ್ಕಿನಿಂದ ಫೈಲುಗಳನ್ನು ಉಳಿಸಿಕೊಳ್ಳುವ ಬಗ್ಗೆ ಬರೆದು ಹೋದ ತಿಂಗಳು ಹ್ಯಾಕರ್ ನ್ಯೂಸ್‌ಗೆ, ಅಂದರೆ ಓದುಗರ ವೋಟಿನಿಂದ ಲಿಂಕುಗಳು ಮೇಲೇರುವ ಸೈಟಿಗೆ, ಹಾಕಿದ್ದೆ. ಮೂರು ಗಂಟೆ ಮೊದಲ ಪುಟದಲ್ಲಿತ್ತು. ನನ್ನ ಸರ್ವರ್ ಎರಡು ಸಲ ಮಲಗಿಬಿಟ್ಟಿತು. ಮೂರನೇ ದಿನಕ್ಕೆ ಮತ್ತೆ ಎಂದಿನ ಇಪ್ಪತ್ತು, ಮೂವತ್ತು ಜನ. ಇದು ಗೆಲುವಾ, ಸುಮ್ನೆ ಜಾತ್ರೆಯಾ?

ಅಂಕಿಬೆಕ್ಕು: ಜಾತ್ರೆ. ಜನ ಒಮ್ಮೆಲೇ ನುಗ್ಗಿ ಸರ್ವರ್ ಹಾಗೆ ಮಲಗುವುದಕ್ಕೆ, ಸ್ಲ್ಯಾಶ್‌ಡಾಟ್ ಅನ್ನುವ ಸೈಟಿನಿಂದ ಬಂದ ‘ಸ್ಲ್ಯಾಶ್‌ಡಾಟ್ ಎಫೆಕ್ಟ್’ ಅಂತ ಹಳೇ ಹೆಸರೇ ಇದೆ. ವೋಟನ್ನಂತೂ ನಂಬಬೇಡಿ. ಇಂಥದ್ದೇ ಇನ್ನೊಂದು ಸೈಟ್ ರೆಡ್ಡಿಟ್ ಹಿಂದೆ ಬಹಿರಂಗಪಡಿಸಿದ್ದ ಕೋಡಿನಲ್ಲಿ ಮೊದಲ 10 ವೋಟಿಗೆ ಎಷ್ಟು ತೂಕವೋ ಮುಂದಿನ 90ಕ್ಕೂ ಅಷ್ಟೇ. ಹನ್ನೆರಡೂವರೆ ಗಂಟೆ ಹಳೆಯ ಪೋಸ್ಟು ಹೊಸದಕ್ಕೆ ಸಮನಾಗಿ ನಿಲ್ಲಲು ಹತ್ತು ಪಟ್ಟು ವೋಟು ಬೇಕು. ನೀವು ಹಾಕಿದ ಹೊತ್ತಿಗೆ ಯಾರು ಎದ್ದಿದ್ದರು ಅನ್ನುವುದರ ಮೇಲೆ ಹಣೆಬರಹ.

ಮೆಲ್ಲಗೋದು: ಅಷ್ಟು ತಳ್ಳಿಹಾಕಬೇಡಿ. ಒಳ್ಳೆಯದು ಮೇಲೆ ಬರುವುದೂ ವೋಟಿನಿಂದಲೇ ಅಲ್ವಾ?

ಅಂಕಿಬೆಕ್ಕು: ವೋಟಿನಿಂದ ಸಿಟ್ಟೂ ಮೇಲೆ ಬರುತ್ತದೆ. 2010ರಲ್ಲಿ ರೆಡ್ಡಿಟ್‌ನ ಪ್ರತಿಸ್ಪರ್ಧಿ ಡಿಗ್ ತನ್ನ ಸೈಟನ್ನು ಪೂರ್ತಿ ಬದಲಿಸಿದಾಗ ಮುನಿಸಿಕೊಂಡ ಬಳಕೆದಾರರು ಅದರ ಮೊದಲ ಪುಟಕ್ಕೇ ರೆಡ್ಡಿಟ್ ಲಿಂಕುಗಳನ್ನು ಏರಿಸಿದ್ದರು.

ಮೆಲ್ಲಗೋದು: ಸರಿ, ವೋಟು ಬಿಡಿ. ಕಾಮೆಂಟ್ ನೋಡಿ. ಶೀರ್ಷಿಕೆ ನೋಡಿ ಜಗಳಕ್ಕಿಳಿಯುವವರೇ ಜಾಸ್ತಿ, ಒಪ್ಪಿದೆ. ಆದರೆ ಒಳಗಿನ ತಪ್ಪು ಹಿಡಿದವರು ಅಲ್ಲಿಯವರೆಗೂ ಓದಿರಲೇಬೇಕು.

ಕೀಲಿಮಣೆ: ಅಂಥವರು ಒಬ್ಬರಿದ್ದರು! ಡಿಸ್ಕ್ ನಕಲು ಮಾಡಲು ನಾನು ಕೊಟ್ಟಿದ್ದ ಡಿಡಿ ಕಮಾಂಡಿನಲ್ಲಿ ಐಎಫ್ (ಎಲ್ಲಿಂದ ಓದಬೇಕು), ಓಎಫ್ (ಎಲ್ಲಿಗೆ ಬರೆಯಬೇಕು) ಎರಡೂ ಅದಲುಬದಲಾಗಿದ್ದವು. ಹಾಗೇ ಓಡಿಸಿದ್ದರೆ ಉಳಿಸಬೇಕಾದ ಡಿಸ್ಕಿನ ಮೇಲೇ ಬರೆದುಬಿಡುತ್ತಿತ್ತು.

ಅಂಕಿಬೆಕ್ಕು: ಒಬ್ಬರನ್ನು ಹಿಡಿದು ಲೆಕ್ಕ ಕಟ್ಟಲಾಗದು. ಹಾಗಂತ ಸೈಟಿಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ ಏನೂ ಸಾಚಾ ಅಲ್ಲ. ಅದರ ಈಗಿನ ಆವೃತ್ತಿಯಲ್ಲಿ 10 ಸೆಕೆಂಡು ದಾಟಿದರೆ ಸಾಕು, ‘ಎಂಗೇಜ್ಡ್’, ಅಂದರೆ ಗಮನ ಕೊಟ್ಟರು, ಅನ್ನುತ್ತದೆ. ಕುಕೀ ನೋಟಿಸ್ ಮುಚ್ಚುವಷ್ಟರಲ್ಲೇ ಅಷ್ಟು ಹೊತ್ತು ಆಗಿರುತ್ತದೆ.

ಹಳೇಬಾಗಿಲು: ಅದರಲ್ಲಿ ‘ಡೈರೆಕ್ಟ್’, ಅಂದರೆ ನೇರವಾಗಿ ಬಂದವರು, ಅನ್ನುವ ಸಾಲು ನೋಡಿದಿರಾ? ಆ್ಯಪಿನಿಂದ ಬಂದವರು ಎಷ್ಟೋ ಸಲ ಎಲ್ಲಿಂದ ಬಂದರು ಅಂತ ಗೊತ್ತಾಗದೆ ಅದರಲ್ಲೇ ಬೀಳುತ್ತಾರೆ. ಲಿಂಕಿನ ಕೊನೆಗೆ ಎಲ್ಲಿಂದ ಬಂದರು ಅಂತ ಹೇಳುವ ಯುಟಿಎಂ ಬಾಲ ಕಟ್ಟಿದರೆ ಸ್ವಲ್ಪ ತಿಳಿಯುತ್ತದೆ. ಆದರೆ ಅದೇ ಲಿಂಕನ್ನು ಯಾರಾದರೂ ಗೆಳೆಯರಿಗೆ ಕಳಿಸಿದರೆ ಬಾಲವೂ ಜೊತೆಗೇ ಹೋಗುತ್ತದೆ, ಅವರೂ ಹಳೇ ಲೆಕ್ಕಕ್ಕೇ ಸೇರುತ್ತಾರೆ. ನಾನು ಆ ದಿನದ ಗ್ರಾಫ್ ನೋಡುವುದನ್ನೇ ಬಿಟ್ಟೆ. ತಿಂಗಳಾದ ಮೇಲೆ ಎಷ್ಟು ಜನ ಮತ್ತೆ ಬಂದರು, ಬೇರೆಯವರು ತಮ್ಮ ಬರಹದಲ್ಲಿ ಲಿಂಕ್ ಕೊಟ್ಟರಾ, ಇಷ್ಟೇ ನೋಡುತ್ತೇನೆ.

ಕೀಲಿಮಣೆ: ಈಗಷ್ಟೇ ನೋಡಿದೆ. ಇಮೇಲ್ ಪಟ್ಟಿಗೆ ನಾಲ್ಕು ಜನ ಸೇರಿದ್ದಾರೆ. ಅದರಲ್ಲಿ ಒಬ್ಬರು ಆ ತಪ್ಪು ಹಿಡಿದವರೇ!

ಅಂಕಿಬೆಕ್ಕು: ಅಷ್ಟು ಜಾತ್ರೆಗೆ ನಾಲ್ಕೇ?

ಮೆಲ್ಲಗೋದು: ನಾಲ್ಕು ಅಂದರೆ ಕಡಿಮೆಯಾ! ಅದಿರಲಿ, ಆ ಕಮಾಂಡ್ ತಿದ್ದಿದಿರಾ?

ಕೀಲಿಮಣೆ: ಅವತ್ತೇ ತಿದ್ದಿದೆ. ಸರ್ವರ್ ಎದ್ದ ಕೂಡಲೇ.