ಚಳಿಗಾಲದ ಜಿಂಕೆ ಬೇಟೆಗೆ ಉಣ್ಣೆಯ ಉಡುಪು: ಅನುಭವಿಗಳ ಸಲಹೆ ಬೇಕು

ಪ್ರಶ್ನೆ (ಡುಲೂತ್, ಮಿನೆಸೋಟ): ಬೇಟೆಯ ಸುರಕ್ಷತಾ ತರಬೇತಿ ಮುಗಿಸಿ ಪರವಾನಗಿ ಪಡೆದಿದ್ದೇನೆ. ಬರುವ ನವೆಂಬರ್‌ನಲ್ಲಿ ನೆರೆಮನೆಯ ಹಿರಿಯರೊಂದಿಗೆ ಬಿಳಿಬಾಲದ ಜಿಂಕೆಯ ಬೇಟೆಗೆ ಮೊದಲ ಬಾರಿಗೆ ಹೊರಡಲಿದ್ದೇನೆ. ಅವರು ತಮ್ಮ ಹಳೆಯ ಕೆಂಪು-ಕಪ್ಪು ಚೌಕುಳಿಯ ಉಣ್ಣೆಯ ಕೋಟು ಮತ್ತು ಪ್ಯಾಂಟನ್ನು ಕೊಡಲು ಸಿದ್ಧರಿದ್ದಾರೆ. ಅಂಗಡಿಯವರು ಮಾತ್ರ ಅದು ಹಳೆಯ ಕಾಲದ್ದು, ಹಗುರವಾದ ಸಿಂಥೆಟಿಕ್ ಉಡುಪನ್ನೇ ಕೊಳ್ಳಿ ಎನ್ನುತ್ತಾರೆ. ಉಣ್ಣೆ ತೊಟ್ಟು ಕಾಡಿನಲ್ಲಿ ದಿನ ಕಳೆದವರು ದಯವಿಟ್ಟು ತಿಳಿಸಬೇಕು.

ಉತ್ತರ (ಉತ್ತರ ಮಿನೆಸೋಟದಿಂದ):

ಹಿರಿಯರು ಕೊಡುತ್ತಿರುವುದನ್ನು ಎರಡು ಮಾತಿಲ್ಲದೆ ತೆಗೆದುಕೊಳ್ಳಿ. ಉಣ್ಣೆ ಬೆಚ್ಚಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಬೇಟೆಗಾರನಿಗೆ ಅದರ ದೊಡ್ಡ ಉಪಕಾರವೆಂದರೆ ಅದು ಸದ್ದು ಮಾಡದಿರುವುದು. ನಮ್ಮ ಭಾಗದಲ್ಲಿ ಬಹುತೇಕರದು ಮಲೆನಾಡಿನವರು ಮರಸು ಕೂರುವುದು ಎನ್ನುತ್ತಾರಲ್ಲ, ಮರೆಯಲ್ಲಿ ಕುಳಿತು ಕಾಯುವ ಆ ಬಗೆಯ ಬೇಟೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದಲೇ ಗುಂಡು ಹಾರಿಸಲು ಕಾನೂನಿನ ಅವಕಾಶವಿರುವುದರಿಂದ, ಕತ್ತಲಿರುವಾಗಲೇ ಅಟ್ಟಣೆ ಹತ್ತಿ, ಮುಂದಿನ ಹಲವು ಗಂಟೆಗಳನ್ನು ಮಿಸುಕಾಡದೆ ಕಳೆಯಬೇಕಾಗುತ್ತದೆ. ಜಿಂಕೆ ಹತ್ತಿರ ಬಂದ ಮೇಲೆ ಕೋವಿ ಎತ್ತುವಾಗ ತೋಳು ಪಕ್ಕೆಗೆ ತಾಗಿ ಏಳುವ ಸದ್ದೊಂದೇ ಅದು ಬಾಲವೆತ್ತಿ ಓಡಲು ಸಾಕು. ಅಂಗಡಿಯಲ್ಲಿ ಯಾವ ಕೋಟನ್ನೇ ಹಾಕಿ ನೋಡಿದರೂ ಎರಡು ತೋಳುಗಳನ್ನು ಕಿವಿಯ ಬಳಿ ಒಂದಕ್ಕೊಂದು ಉಜ್ಜಿ ನೋಡಿ. ನೈಲಾನ್ ಹೊದಿಕೆಯದು ಸರಸರ ಎನ್ನುತ್ತದೆ, ಹೊರಗಿನ ಚಳಿಗೆ ಸೆಟೆದುಕೊಂಡಾಗ ಇನ್ನೂ ಜೋರಾಗುತ್ತದೆ. ಒತ್ತಾದ ಉಣ್ಣೆಯ ಸದ್ದನ್ನು ಕಿವಿಗೊಟ್ಟೇ ಕೇಳಬೇಕು.

ತೇವದ ವಿಷಯದಲ್ಲೂ ಉಣ್ಣೆಗೆ ಸಾಟಿಯಿಲ್ಲ. ಅದರ ಎಳೆಯ ಹೊರಮೈ ನೀರನ್ನು ದೂರವಿಡುತ್ತದೆ, ಒಳಭಾಗ ತನ್ನ ತೂಕದ ಶೇಕಡ 30ರ ಸುಮಾರಿನಷ್ಟು ತೇವವನ್ನು ಆವಿಯ ರೂಪದಲ್ಲಿ ಹೀರಿಕೊಳ್ಳುತ್ತದೆ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಆದ್ದರಿಂದಲೇ ಅಟ್ಟಣೆಯವರೆಗೆ ನಡೆದು ಬೆವರಿದ ಮೈ ಕುಳಿತ ಮೇಲೆ ತಣ್ಣಗೆ ಕೊರೆಯುವುದಿಲ್ಲ. ಆದರೆ ಒಳಗೆ ಹತ್ತಿಯ ಬನಿಯನ್ನಾಗಲಿ ಜೀನ್ಸನ್ನಾಗಲಿ ತೊಟ್ಟಿದ್ದರೆ ಈ ಗುಣವೆಲ್ಲ ವ್ಯರ್ಥ. ಮೈಗೆ ತಾಗುವಂತೆ ಮೆರಿನೊ ಎಂಬ ನವಿರಾದ ಉಣ್ಣೆಯ ತೆಳು ಒಳಂಗಿ, ಅದರ ಮೇಲೆ ಉಣ್ಣೆಯ ಅಂಗಿ, ಅದರ ಮೇಲೆ ಕೋಟು ಎಂಬ ಕ್ರಮವನ್ನು ತಪ್ಪಿಸಬೇಡಿ.

ಇನ್ನು ಬಣ್ಣದ ಮಾತು. ಪೆನ್ಸಿಲ್ವೇನಿಯಾದಲ್ಲಿ 1830ರಲ್ಲಿ ಆರಂಭವಾದ ವುಲ್‌ರಿಚ್ ಗಿರಣಿಯ ಬಟ್ಟೆಯಿಂದ ಹೆಸರಾದ ಕೆಂಪು-ಕಪ್ಪು ಚೌಕುಳಿಯ ಕೋಟು-ಪ್ಯಾಂಟಿನ ಜೋಡಿಯನ್ನು ಇಲ್ಲಿನ ಹಳಬರು ಪ್ರೀತಿಯಿಂದ ‘ಪೆನ್ಸಿಲ್ವೇನಿಯಾ ಟಕ್ಸೀಡೊ’, ಅಂದರೆ ಪೆನ್ಸಿಲ್ವೇನಿಯಾದ ಔತಣದ ಸೂಟು, ಎನ್ನುತ್ತಾರೆ. ಅದು ಎಷ್ಟೇ ಚೆಂದವಿದ್ದರೂ ಮುಂಜಾವಿನ ಮಬ್ಬಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ. ಕೋವಿಯ ಬೇಟೆಯ ಕಾಲದಲ್ಲಿ ಟೋಪಿ ಮತ್ತು ಸೊಂಟದಿಂದ ಮೇಲಿನ ಹೊರ ಉಡುಪು, ತೋಳು ಮತ್ತು ಕೈಗವಸುಗಳನ್ನು ಬಿಟ್ಟು, ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿರಲೇಬೇಕೆಂದು ಮಿನೆಸೋಟದ ನಿಯಮ ಹೇಳುತ್ತದೆ. ಆದ್ದರಿಂದ ಕೋಟಿನ ಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಮೇಲಂಗಿ ಕಡ್ಡಾಯ. ಅಗ್ಗದ ಪ್ಲಾಸ್ಟಿಕ್‌ನಂಥದನ್ನು ತಂದರೆ ಉಣ್ಣೆಯ ನಿಶ್ಶಬ್ದವನ್ನು ಅದೇ ಕೆಡಿಸುತ್ತದೆ. ಮೃದುವಾದ ಫ್ಲೀಸ್‌ನದನ್ನು ಆರಿಸಿ. ಜಿಂಕೆಯ ಬಗ್ಗೆ ಚಿಂತೆ ಬೇಡ, ಅದರ ಕಣ್ಣಿಗೆ ಕಿತ್ತಳೆಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಉತ್ತರ (ವರ್ಮಾಂಟ್‌ನಿಂದ):

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಅವರು ಹೇಳಿದ್ದು ಕುಳಿತು ಕಾಯುವವರಿಗೆ ಸಲ್ಲುತ್ತದೆ. ಹಿಮದ ಮೇಲೆ ಹೆಜ್ಜೆಯ ಜಾಡು ಹಿಡಿದು ಗುಡ್ಡ ಹತ್ತಿ ಇಳಿಯುವ ನಮ್ಮಂಥವರಿಗೆ ದಪ್ಪ ಕೋಟು ಹೊರೆಯಾಗುತ್ತದೆ. 1842ರಿಂದ ನಡೆದುಬಂದಿರುವ ಇಲ್ಲಿನ ಜಾನ್ಸನ್ ವುಲನ್ ಮಿಲ್ಸ್‌ನ ಕೋಟುಗಳು ನಮ್ಮ ಸುತ್ತಿನ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದಿರುತ್ತವೆ. ಆದರೂ ಜಾಡು ಹಿಡಿಯುವವರು ಆರಿಸುವುದು ಅಂಗಿಗಿಂತ ತುಸು ದಪ್ಪವಾದ, ಗುಂಡಿ ಬಿಚ್ಚಿದರೆ ಗಾಳಿಯಾಡುವ ಜಾಕೆಟನ್ನೇ. ಹೊರಡುವಾಗ ಸ್ವಲ್ಪ ಚಳಿಯೆನಿಸಬೇಕು. ಮೊದಲ ಏರು ಹತ್ತುವಷ್ಟರಲ್ಲಿ ಆ ಚಳಿ ತಾನಾಗಿ ಬಿಡುತ್ತದೆ. ಬೆಚ್ಚಗೆ ಹೊರಟವನು ಅದೇ ಏರಿನಲ್ಲಿ ತೊಯ್ದು ಹೋಗುತ್ತಾನೆ, ಮತ್ತು ಉಣ್ಣೆ ಒಮ್ಮೆ ಪೂರ್ತಿ ನೆನೆದರೆ ಬೇಗ ಒಣಗುವುದಿಲ್ಲ.

ಪ್ಯಾಂಟಿನ ಬಗ್ಗೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ದಪ್ಪ ಉಣ್ಣೆಯ ಪ್ಯಾಂಟು ತೇವ ಹೀರಿದಾಗ ಭಾರವಾಗಿ ಜಾರುತ್ತದೆ, ಅದನ್ನು ಬೆಲ್ಟಿನಿಂದ ಬಿಗಿದರೆ ಸೊಂಟ ನೋಯುತ್ತದೆ. ಹೆಗಲ ಮೇಲಿಂದ ಬರುವ ಸಸ್ಪೆಂಡರ್ ಪಟ್ಟಿಗಳನ್ನೇ ಹಾಕಿಕೊಳ್ಳಿ. ಬಟ್ಟೆಯ ಮೈಮೇಲೆ ನವಿರಾದ ಕೂದಲು ಎದ್ದು ನಿಂತಿದ್ದರೆ ಮೊಣಕಾಲಿನ ಕೆಳಗೆ ಹಿಮ ಉಂಡೆಗಟ್ಟಿ ಹಿಡಿಯುತ್ತದೆ, ಒಣಗಿದ ಗಿಡಗಳ ಮುಳ್ಳುಕಾಯಿಗಳೂ ಬಿಡದೆ ಅಂಟಿಕೊಳ್ಳುತ್ತವೆ. ಆದ್ದರಿಂದ ಪ್ಯಾಂಟಿಗೆ ನುಣ್ಣಗಿನ ಬಿಗಿ ನೇಯ್ಗೆಯೇ ಮೇಲು.

ಉತ್ತರ (ಉತ್ತರ ಡಕೋಟದಿಂದ):

ನಮ್ಮದು ಮರವಿಲ್ಲದ ಬಯಲು. ಇಲ್ಲಿನ ಗಾಳಿಗೆ ಉಣ್ಣೆಯೊಂದೇ ತಡೆಯಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಎಷ್ಟೇ ಒತ್ತಾದ ಬಟ್ಟೆಯಾದರೂ ಎಳೆಗಳ ನಡುವೆ ನಿಂತ ಬೆಚ್ಚನೆಯ ಗಾಳಿಯನ್ನು ಬಿರುಗಾಳಿ ಹೊರಗೆಳೆದುಬಿಡುತ್ತದೆ. ಗಾಳಿ ತಡೆಯುವ ತೆಳುವಾದ ಪದರವೊಂದನ್ನು ಕೋಟಿನ ಒಳಗೆ, ಅಂಗಿಯ ಮೇಲೆ ಹಾಕಿದರೆ ಹೊರಮೈ ಉಣ್ಣೆಯದೇ ಆಗಿರುವುದರಿಂದ ಸದ್ದಿನ ತೊಂದರೆಯೂ ಇರುವುದಿಲ್ಲ. ಡುಲೂತ್‌ನ ದಟ್ಟ ಕಾಡಿನೊಳಗೆ ಇದರ ಅಗತ್ಯ ಕಡಿಮೆ. ಸರೋವರದ ಅಂಚಿನಲ್ಲಿ ಕೂರುವುದಾದರೆ ಖಂಡಿತ ಬೇಕು.

ಉತ್ತರ (ಮಿಷಿಗನ್‌ನಿಂದ):

ನಾನು ಬೇಟೆಗೆ ಹೋಗುವವಳಲ್ಲ; ನಮ್ಮ ಮನೆಯವರು ಹೋಗುತ್ತಾರೆ, ಅವರ ಉಣ್ಣೆಯ ಬಟ್ಟೆಗಳ ಯೋಗಕ್ಷೇಮ ನನ್ನದು. ರಾಣೆಬೆನ್ನೂರು ಕಡೆಯ ಕಂಬಳಿ ನೇಯುವ ಊರಿನಲ್ಲಿ ಬೆಳೆದವಳಾದ್ದರಿಂದ ಉಣ್ಣೆಯನ್ನು ಮುಟ್ಟಿ ನೋಡುವ ಅಭ್ಯಾಸ ಚಿಕ್ಕಂದಿನಿಂದಲೂ ಇದೆ. ನಮ್ಮಲ್ಲಿ ದಖ್ಖನಿ ಕುರಿಯ ಒರಟು ಉಣ್ಣೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿಮಾಡುತ್ತಾರೆ. ಇಂಥ ಕೋಟುಗಳಿಗೆ ಬಳಸುವ, ಮ್ಯಾಕಿನಾ ಎಂಬ ಇಲ್ಲಿನ ದಪ್ಪ ಉಣ್ಣೆಯ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ಕುಗ್ಗಿಸಿ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡುತ್ತಾರೆ. ದಾರಿ ಬೇರೆಯಾದರೂ ಉದ್ದೇಶ ಒಂದೇ: ಮಳೆ, ಹಿಮ ಬಟ್ಟೆಯ ಮೇಲೇ ನಿಲ್ಲಬೇಕು. ಮಲೆನಾಡಿನಲ್ಲಿ ಕಂಬಳಿಯನ್ನು ಕೊಪ್ಪೆಮಾಡಿ ಹೊದ್ದವರನ್ನು ನೋಡಿದ್ದರೆ ನಿಮಗೆ ತಿಳಿದಿರುತ್ತದೆ, ಅದು ಮೈಗೆ ಅಂಟುವುದಿಲ್ಲ, ಒಳಗೆ ಗಾಳಿಗೆ ಜಾಗವಿರುತ್ತದೆ. ಕೋಟೂ ಹಾಗೆಯೇ ಸಡಿಲವಾಗಿರಲಿ.

ಹಿರಿಯರ ಕೋಟು ಕೈಗೆ ಬಂದೊಡನೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿ. ನುಸಿ ತಿಂದಿದ್ದರೆ ಕಂಕುಳಿನ ಸುತ್ತ ಮತ್ತು ಕಾಲರಿನ ಅಡಿಯಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿಬರುತ್ತದೆ; ಬೆವರು ಹಿಡಿದ ಜಾಗವೆಂದರೆ ನುಸಿಯ ಹುಳುವಿಗೆ ಪ್ರಾಣ. ಅಂಥ ತೂತುಗಳನ್ನು ಅದೇ ಬಣ್ಣದ ಉಣ್ಣೆಯ ದಾರದಿಂದ ಈಗಲೇ ರಫೂ ಮಾಡಿಸಿ. ಆಮೇಲೆ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟರೆ ಉಳಿದ ಹುಳುಗಳು ಸಾಯುತ್ತವೆ. ನುಸಿಗುಳಿಗೆಯನ್ನು ಮಾತ್ರ ಹಾಕಬೇಡಿ, ಅದರ ವಾಸನೆ ಉಣ್ಣೆಯನ್ನು ಸುಲಭವಾಗಿ ಬಿಡುವುದಿಲ್ಲ, ಜಿಂಕೆಗೆ ಬಹುದೂರದಿಂದಲೇ ಬಡಿಯುತ್ತದೆ.

ಪದೇ ಪದೇ ಒಗೆಯುವ ಅಗತ್ಯವಿಲ್ಲ. ಬ್ರಷ್‌ನಿಂದ ಝಾಡಿಸಿ ಹೊರಗೆ ಗಾಳಿಗೆ ಹರಡಿದರೆ ಸಾಕು. ಒಗೆಯಲೇಬೇಕಾದರೆ ತಣ್ಣೀರಿನಲ್ಲಿ, ಉಣ್ಣೆಗೆಂದೇ ಮಾಡಿದ ಸೋಪಿನ ದ್ರವದಿಂದ, ಹಿಂಡದೆ ತೊಳೆಯಿರಿ. ಬಿಸಿನೀರು ಮತ್ತು ಮೆಷಿನ್‌ನ ತಿರುವಾಟಕ್ಕೆ ಸಿಕ್ಕಿದ ಕೋಟು ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ. ಬಟ್ಟೆಗೆ ಹೊಳಪು ಕೊಡುವ ಸಾಮಾನ್ಯ ಪುಡಿಗಳನ್ನೂ ದೂರವಿಡಿ. ಅವು ಬಟ್ಟೆಯ ಮೇಲೆ ಉಳಿಸುವ ಅಂಶ ನೀಲಿ ಬೆಳಕನ್ನು ಹೊಮ್ಮಿಸುತ್ತದೆ, ಮತ್ತು ಕಿತ್ತಳೆಯನ್ನು ಗುರುತಿಸದ ಜಿಂಕೆಯ ಕಣ್ಣು ನೀಲಿಯನ್ನು ಚೆನ್ನಾಗಿ ಗುರುತಿಸುತ್ತದೆ. ಕಿತ್ತಳೆ ಮೇಲಂಗಿಗೂ ಇದು ಅನ್ವಯಿಸುತ್ತದೆ.

ಅಟ್ಟಣೆಯ ಮೇಲೆ ಕೂರುವವರಾದ್ದರಿಂದ ಇನ್ನೊಂದು ಕೆಲಸವನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಒಳಗಿನ ಎಲ್ಲ ಪದರಗಳನ್ನೂ ಕೋಟನ್ನೂ ತೊಟ್ಟು, ಅಟ್ಟಣೆಯಿಂದ ಬೀಳದಂತೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಯನ್ನು ಅದರ ಮೇಲೆ ಬಿಗಿದು, ಕುಳಿತಲ್ಲಿಂದಲೇ ಕೋವಿ ಹಿಡಿದಂತೆ ಎರಡೂ ಕೈಗಳನ್ನು ಎತ್ತಿ ನೋಡಿ. ಹೆಗಲು ಎಳೆದಂತಾದರೆ ಅಥವಾ ಮುಂಗೈ ಬಯಲಾದರೆ ದರ್ಜಿಯ ಬಳಿ ಹೋಗಲು ನವೆಂಬರ್‌ವರೆಗೆ ಸಮಯವಿದೆ. ಹಳೆಯ ಉಣ್ಣೆಯ ಕೋಟುಗಳ ತೋಳಿನ ಮಡಿಕೆಯೊಳಗೆ ಉದ್ದ ಮಾಡಲು ಬೇಕಾದಷ್ಟು ಬಟ್ಟೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.