ಬೆಲ್ಲದ ಪಾಕ ಬಿದ್ದ ಕೈ: ಲೇಸರ್ ಮಾಡಿಸಬಹುದೇ?

ಪ್ರಶ್ನೆ (ಮುಧೋಳ ತಾಲೂಕಿನಿಂದ):
ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮದು ಬೆಲ್ಲದ ಗಾಣ. ಹದಿನಾಲ್ಕು ತಿಂಗಳ ಹಿಂದೆ ಕೊಪ್ಪರಿಗೆಯಿಂದ ಪಾಕ ಇಳಿಸುವಾಗ ನನ್ನ ತಂಗಿಯ ಎಡಗೈ ಮೇಲೆ ಬಿತ್ತು. ಬೆರಳ ಗೆಣ್ಣುಗಳಿಂದ ಮೊಣಕೈವರೆಗೆ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಕಸಿ ಮಾಡಿದರು, ಕಸಿ ಚೆನ್ನಾಗಿ ಹಿಡಿಯಿತು. ಈಗ ಅಲ್ಲಿ ಬಲೆ ಹಾಸಿದಂಥ ಗುರುತು, ಅಂಚಿನಲ್ಲಿ ಉಬ್ಬು, ರಾತ್ರಿಯಾದರೆ ತಡೆಯಲಾಗದ ತುರಿಕೆ. ಮದುವೆ ಗೊತ್ತಾಗಿದೆ, ಇನ್ನು ಮೂರು ತಿಂಗಳಿದೆ. ಒಂದು ಕಡೆ ವಿಚಾರಿಸಿದರೆ ಆರು ಸಲ ಲೇಸರ್ ಮಾಡಿ ಮದುವೆಯೊಳಗೆ ಗುರುತೇ ಕಾಣದಂತೆ ಮಾಡುತ್ತೇವೆ ಎಂದರು, ಅರ್ಧ ಹಣ ಮುಂಗಡ. ಕೊಡಬಹುದೇ? ಇನ್ನೊಂದು ಮಾತು: ನಿಶ್ಚಯದ ದಿನ ಬಳೆಗಾರರು ಎಷ್ಟು ತಿಣುಕಿದರೂ ಆ ಕೈಗೆ ಬಳೆ ಏರಲಿಲ್ಲ, ಎರಡು ಒಡೆದವು. ಅಂದಿನಿಂದ ಅವಳು ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಾಳೆ.

ಉತ್ತರ (ಪ್ಲಾಸ್ಟಿಕ್ ಸರ್ಜನ್, ಬೆಳಗಾವಿ):
ಮುಂಗಡ ಕೊಡಬೇಡಿ. ಲೇಸರ್ ಕೆಲಸಕ್ಕೆ ಬಾರದು ಎಂದಲ್ಲ, ಆ ಲೆಕ್ಕ ಸರಿಯಿಲ್ಲ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಆರರಿಂದ ಎಂಟು ವಾರ ಬೇಕು. ಮೂರು ತಿಂಗಳಲ್ಲಿ ಆರು ಸಲ ಹೇಗೆ ಹಿಡಿಸುತ್ತಾರೆ ಎಂದು ಅವರನ್ನೇ ಕೇಳಿ ನೋಡಿ.

ಆದರೆ ನೀವು ಕೊನೆಯಲ್ಲಿ ‘ಇನ್ನೊಂದು ಮಾತು’ ಎಂದು ಬರೆದಿರಲ್ಲ, ನನಗೆ ಅದೇ ಮೊದಲ ಮಾತು. ಬಳೆಗಾರರು ಏನು ಮಾಡುತ್ತಾರೆ? ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳನ್ನು ಎರಡೂ ಕಡೆಯಿಂದ ಅದುಮಿ, ಹಸ್ತವನ್ನು ದೊನ್ನೆಯಂತೆ ಬಾಗಿಸುತ್ತಾರೆ. ಹಸ್ತದ ಹಿಂಬದಿಯ ಕಸಿ ಚರ್ಮ ಕುಗ್ಗಿದ್ದರೆ ಹಸ್ತ ಹಾಗೆ ಬಾಗುವುದೇ ಇಲ್ಲ, ಹಲಗೆಯಂತೆ ಚಪ್ಪಟೆಯಾಗಿಯೇ ನಿಲ್ಲುತ್ತದೆ. ಅಂದರೆ ಇದು ಬರೀ ಅಂದದ ಪ್ರಶ್ನೆಯಾಗಿರಲಿಕ್ಕಿಲ್ಲ. ಇಂದು ರಾತ್ರಿ ತಂಗಿಗೆ ಮುಷ್ಟಿ ಕಟ್ಟಲು ಹೇಳಿ. ಬೆರಳ ತುದಿಗಳು ಅಂಗೈಯನ್ನು ಮುಟ್ಟುತ್ತವೆಯೇ? ಗೆಣ್ಣಿನ ಮೇಲಿನ ಚರ್ಮ ಬೆಳ್ಳಗೆ ಬಿಳುಚಿಕೊಳ್ಳುತ್ತದೆಯೇ? ಮೊಣಕೈ ಪೂರ್ತಿ ನೆಟ್ಟಗಾಗುತ್ತದೆಯೇ? ನೋಡಿ ಬರೆಯಿರಿ.

ಈಗ ಲೇಸರ್ ವಿಷಯ. ಸುಟ್ಟ ಕಲೆಗೆ ಹೆಚ್ಚಾಗಿ ಬಳಸುವುದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದು ಕಲೆಯನ್ನು ಒರೆಸಿ ತೆಗೆಯುವ ಯಂತ್ರವಲ್ಲ. ಸೂಜಿಮೊನೆಗಿಂತ ಸಣ್ಣ ರಂಧ್ರಗಳನ್ನು ಜರಡಿಯ ತೂತುಗಳಂತೆ ಬಿಡಿಬಿಡಿಯಾಗಿ ಕೊರೆಯುತ್ತದೆ. ದಪ್ಪ ಕಲೆಯಲ್ಲಿ ಒಂದು ಸಲಕ್ಕೆ ಶೇಕಡಾ 5ರಷ್ಟು ಜಾಗ ಮುಟ್ಟಿದರೆ ಸಾಕು, ನಡುವೆ ಉಳಿದ ಚರ್ಮವೇ ಗಾಯವನ್ನು ಮಾಯಿಸುತ್ತದೆ. ಒಳಗೆ ಹಗ್ಗ ಹೊಸೆದಂತೆ ಬಿಗಿದುಕೊಂಡ ಕೊಲಾಜೆನ್ ಎಳೆಗಳು ಮುಂದಿನ ತಿಂಗಳುಗಳಲ್ಲಿ ಹೊಸದಾಗಿ ಜೋಡಣೆಯಾಗುತ್ತವೆ. ಉಬ್ಬು ಜಾಸ್ತಿ ಇದ್ದರೆ ಆ ರಂಧ್ರಗಳು ತೆರೆದಿರುವಾಗಲೇ ಸ್ಟಿರಾಯ್ಡ್ ಔಷಧಿಯನ್ನು ಹನಿಹನಿಯಾಗಿ ಬಿಡುತ್ತೇವೆ. ಚರ್ಮ ಮೆತ್ತಗಾಗುತ್ತದೆ, ತುರಿಕೆ ಮತ್ತು ಬಿಗಿತ ಇಳಿಯುತ್ತವೆ, ಉಬ್ಬು ತಗ್ಗುತ್ತದೆ. ಬಲೆಯ ಗುರುತು ಮಸುಕಾಗಬಹುದು, ಮಾಯವಾಗುವುದಿಲ್ಲ. ತೊಡೆಯ ಚರ್ಮವನ್ನು ಹೆಚ್ಚು ಜಾಗಕ್ಕೆ ಹಿಗ್ಗಿಸಲು ಯಂತ್ರದಲ್ಲಿ ಸೀಳು ಹಾಕಿರುತ್ತಾರೆ, ಆ ಸೀಳುಗಳ ಅಚ್ಚು ಅದು.

ನಮ್ಮ ಕಂದು ಚರ್ಮಕ್ಕೆ ಇನ್ನೊಂದು ತೊಡಕಿದೆ. ಲೇಸರ್‌ನ ಶಾಖ ಹೆಚ್ಚಾದರೆ, ಅಥವಾ ಆಮೇಲೆ ಬಿಸಿಲು ತಾಗಿದರೆ, ಆ ಜಾಗ ಮೊದಲಿಗಿಂತ ಕಪ್ಪಾಗಿ ತಿಂಗಳುಗಟ್ಟಲೆ ಹಾಗೆಯೇ ಉಳಿಯಬಹುದು. ಅದಕ್ಕೇ ಮೊದಲು ಮೂಲೆಯಲ್ಲಿ ರೂಪಾಯಿಯಗಲ ಜಾಗದಲ್ಲಿ ಮಾಡಿ ನೋಡುತ್ತೇವೆ. ಮದುವೆಗೆ ನಾಲ್ಕು ವಾರ ಇರುವಾಗ ಲೇಸರ್ ಮಾಡಿಸಿ, ಹಕ್ಕಳೆ ಉದುರಿದ ಎಳೆ ಚರ್ಮದ ಮೇಲೆ ಅರಿಷಿಣ ಬಳಿದು, ಹಂದರದ ಹೊರಗೆ ಬಿಸಿಲಲ್ಲಿ ಫೋಟೊ ತೆಗೆಸುವುದು ಬೇಡ. ನನ್ನ ತಂಗಿಯೇ ಆಗಿದ್ದರೆ ಲೇಸರ್ ಅನ್ನು ಮದುವೆಯ ನಂತರಕ್ಕೆ ಇಟ್ಟುಕೊಳ್ಳುತ್ತಿದ್ದೆ.

ತುರಿಕೆಗೆ ಇಂದಿನಿಂದಲೇ ದಿನಕ್ಕೆ ಮೂರು ನಾಲ್ಕು ಸಲ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ಮೆಲ್ಲಗೆ ತಿಕ್ಕಿ. ತೆಳುವಾಗಿ ತೆಗೆದ ಕಸಿ ಚರ್ಮದಲ್ಲಿ ಬೆವರಿನ, ಎಣ್ಣೆಯ ಗ್ರಂಥಿಗಳು ಇರುವುದಿಲ್ಲ, ಅದು ತಾನಾಗಿ ಜಿಡ್ಡಾಗುವುದಿಲ್ಲ.

ಪ್ರತಿಕ್ರಿಯೆ (ಜಮಖಂಡಿ):
ನಮ್ಮ ಅತ್ತೆ ಲಿಂಬೆರಸದಲ್ಲಿ ಅರಿಷಿಣ ಕಲಸಿ ಹಚ್ಚಿ ಕಲೆ ತೆಗೆದಿದ್ದರು, ಖರ್ಚೇ ಇಲ್ಲ.

ಉತ್ತರ:
ಅಕ್ಕಾ, ಅವರ ಕಲೆ ಮೇಲ್ಮೈಯದಾಗಿರಬೇಕು. ಕಸಿ ಮಾಡಿದ ಚರ್ಮಕ್ಕೆ ಲಿಂಬೆರಸ ಹಚ್ಚಿ, ಉರಿದು ನೀರುಗುಳ್ಳೆ ಎದ್ದ ಮೇಲೆ ನನ್ನ ಬಳಿಗೆ ಬಂದವರಿದ್ದಾರೆ. ಬೇಡ.

ಪ್ರಶ್ನೆ (ವಿಜಯಪುರ):
ಮೇಡಂ, ಆರು ವರ್ಷದ ಮಗನಿಗೆ ಕುದಿಯುವ ನೀರು ಬಿದ್ದು ಎದೆಗೆ ಕಸಿ ಆಗಿದೆ, ಮೂರು ತಿಂಗಳಾಯಿತು. ಬಿಗಿ ಅಂಗಿ ದಿನಕ್ಕೆ 23 ಗಂಟೆ ಹಾಕಬೇಕು ಎಂದಿದ್ದಾರೆ. ನಮ್ಮೂರ ಬಿಸಿಲಿಗೆ ಅಳುತ್ತಾನೆ. ಅದನ್ನು ಬಿಡಿಸಿ ಲೇಸರ್ ಮಾಡಿಸಬಹುದೇ?

ಉತ್ತರ:
ಅಂಗಿಯ ಬದಲಿಗೆ ಲೇಸರ್ ಅಲ್ಲ, ತಾಯಿ. ಕಲೆ ಒಂದು ವರ್ಷದಿಂದ ಒಂದೂವರೆ ವರ್ಷದವರೆಗೂ ಮಾಗುತ್ತಲೇ ಇರುತ್ತದೆ, ಉಬ್ಬದಂತೆ ಅಷ್ಟು ಕಾಲ ಒತ್ತಿ ಹಿಡಿಯುವುದು ಆ ಅಂಗಿ. ಎರಡು ಜೊತೆ ಹೊಲಿಸಿ, ಒಂದನ್ನು ಒಗೆದಾಗ ಇನ್ನೊಂದು. ಬಿಸಿಲೇರಿದಾಗ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ. ಕಸಿ ಜಾಗ ಬೆವರದ ಕಾರಣ ಅವನಿಗೆ ನಿಜವಾಗಿಯೂ ಸೆಕೆ ಹೆಚ್ಚು, ಹಟವಲ್ಲ. ಮಗು ಬೆಳೆದಂತೆ ಅಳತೆ ಬದಲಾಗುತ್ತದೆ, ಮರೆಯಬೇಡಿ. ಲೇಸರ್ ಮುಂದೆ ಬೇಕಾಗಬಹುದು; ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತದೆ.

ಪ್ರಶ್ನೆ (ರಾಮದುರ್ಗ):
ತಂದೆಯವರ ಕಾಲಿನಲ್ಲಿ ಇಪ್ಪತ್ತೈದು ವರ್ಷದ ಹಳೆಯ ಸುಟ್ಟ ಕಲೆ. ನಾಲ್ಕು ತಿಂಗಳಿಂದ ಅಲ್ಲಿ ಹುಣ್ಣಾಗಿ ಮಾಯುತ್ತಿಲ್ಲ. ಲೇಸರ್ ಆಗುತ್ತದೆಯೇ?

ಉತ್ತರ:
ಇಲ್ಲ. ಈ ವಾರವೇ ಸರ್ಜನ್‌ಗೆ ತೋರಿಸಿ, ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿ ಮಾಡಿಸಿ. ಹಳೆಯ ಸುಟ್ಟ ಕಲೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುತ್ತದೆ. ಮುಲಾಮು ಬದಲಿಸುತ್ತಾ ಕೂರಬೇಡಿ.

ಪ್ರಶ್ನೆ (ಮತ್ತೆ ಮುಧೋಳ ತಾಲೂಕಿನವರು):
ಮೇಡಂ, ನೋಡಿದೆವು. ಮೊಣಕೈ ನೆಟ್ಟಗಾಗುತ್ತದೆ. ಮುಷ್ಟಿ ಕಟ್ಟಿದರೆ ನಡುಬೆರಳು ಅಂಗೈಗೆ ಎರಡು ಬೆರಳಷ್ಟು ಅಂತರದಲ್ಲಿ ನಿಲ್ಲುತ್ತದೆ, ಗೆಣ್ಣು ಬಿಳುಚುತ್ತದೆ. ‘ರೊಟ್ಟಿ ಬಡಿಯುವಾಗಲೂ ಹೀಗೇ, ಬಲಗೈಯೊಂದರಲ್ಲೇ ಬಡಿಯುತ್ತೇನೆ’ ಎಂದಳು. ನಮಗೆ ಗೊತ್ತೇ ಇರಲಿಲ್ಲ.

ಉತ್ತರ:
ಹಾಗಾದರೆ ಬೇಗ ಕರೆದುಕೊಂಡು ಬನ್ನಿ. ಬಿಡುಗಡೆ ಚೀಟಿ, ಕಸಿ ಮಾಡಿದ ದಿನಾಂಕ, ಆಯುಷ್ಮಾನ್ ಕಾರ್ಡ್ ತನ್ನಿ. ಬಿಗಿತ ಬಿಡಿಸುವ ಶಸ್ತ್ರಚಿಕಿತ್ಸೆ ಆ ಯೋಜನೆಯಲ್ಲಿದೆ, ಅಂದಕ್ಕಾಗಿ ಮಾಡುವ ಲೇಸರ್ ಇಲ್ಲ. ಮೊದಲು ಫಿಸಿಯೋಥೆರಪಿ ಮತ್ತು ರಾತ್ರಿ ಕಟ್ಟುವ ಪಟ್ಟಿಯಿಂದ ಎಷ್ಟು ಸಡಿಲವಾಗುತ್ತದೆ ನೋಡೋಣ. ಶಸ್ತ್ರಚಿಕಿತ್ಸೆ ಬೇಕಾದರೆ ಯಾವಾಗ ಎಂದು ಅವಳನ್ನು ಕೇಳಿಯೇ ನಿರ್ಧರಿಸೋಣ.

ಮದುವೆಯ ದಿನ ಎಡಗೈಗೆ ಗಾಜಿನ ಬಳೆಯನ್ನು ಒತ್ತಿ ಏರಿಸಲು ಬಿಡಬೇಡಿ, ಒಡೆದ ಚೂರು ಕಸಿ ಚರ್ಮವನ್ನು ಸುಲಭವಾಗಿ ಸೀಳುತ್ತದೆ. ಎರಡು ಅಳತೆ ದೊಡ್ಡ ಹಸಿರು ಬಳೆ ತರಿಸಿ, ಅದೂ ಏರದಿದ್ದರೆ ಕೀಲು ಇರುವ, ತೆರೆದು ಹಾಕುವ ಬಳೆ. ಮನೆಯ ಹಿರಿಯರು ಒಪ್ಪದಿದ್ದರೆ ನನಗೆ ಫೋನ್ ಕೊಡಿ.