ಸೆಮಿ ಅಕೌಸ್ಟಿಕ್ ಗಿಟಾರ್ ರೆಕಾರ್ಡ್ ಮಾಡೂಕೆ ಕೇಬಲ್ ಹಾಕೂದಾ, ಮೈಕ್ ಇಡೂದಾ?

ಪ್ರಶ್ನೆ (ಕೋಡಿಬಾಗ, ಕಾರವಾರ):
ಅಣ್ಣಾ ನಮಸ್ಕಾರ. ನನ್ನ ಹತ್ರ ಇರೂದು ಸೆಮಿ ಅಕೌಸ್ಟಿಕ್ ಗಿಟಾರು, ಒಳಗೇ ಪಿಕಪ್ (ತಂತಿ ಸದ್ದನ್ನ ಕೇಬಲ್ಲಿಗೆ ಕೊಡೂದು) ಅದೆ, ಮಗ್ಗುಲಿಗೆ ವಾಲ್ಯೂಮ್ ಬಾಸ್ ಟ್ರೆಬಲ್ ನಾಬ್ ಇರೂ ಡಬ್ಬಿ, 9 ವೋಲ್ಟ್ ಬ್ಯಾಟರಿ. ಇಗರ್ಜಿಯಲ್ಲಿ ಸ್ಪೀಕರಿಗೆ ಹಾಕಿ ಬಾರಿಸಿದ್ರೆ ಚೊಲೋ ಕೇಳ್ತದೆ. ಈಗ ಎರಡು ಇನ್‌ಪುಟ್‌ದು ಆಡಿಯೋ ಇಂಟರ್ಫೇಸ್ (ಗಿಟಾರು ಮೈಕಿನ ದನಿನ ಲ್ಯಾಪ್‌ಟಾಪಿಗೆ ಕಳಿಸೂ ಡಬ್ಬಿ) ತಗೊಂಡು ಮನೇಲಿ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿದ್ರೆ ಬರೀ ಟಕ್ ಟಕ್ ಅಂತ ತಂತಿ ಸದ್ದು, ಮರದ ದನಿನೇ ಇಲ್ಲ, ಜೊತೆಗೆ ಜೂಂ ಅಂತ ಒಂದು ಹಮ್ಮಿಂಗ್. ಗೆಳೆಯ ಒಬ್ಬ ಮೈಕ್ ತಗೋ ಅಂತಾನೆ. ನಮ್ಮ ಮನೆ ಹೈವೇ ಹತ್ರ, ಲಾರಿ ಸದ್ದು, ಮೇಲಿಂದ ಮಳೆಗಾಲ, ಅಂಗಳಕ್ಕೆ ಹೊದಿಸಿದ್ದು ತಗಡಿನ ಶೀಟು. ಇಂಥಲ್ಲಿ ಮೈಕಿಗೆ ದುಡ್ಡು ಹಾಕೂದು ದಂಡವಾ? ಪಿಕಪ್ಪನ್ನೇ ಸರಿ ಮಾಡ್ಕೊಳ್ಳೂಕೆ ಬರ್ತದಾ?

ಉತ್ತರ (ಶಿರಸಿ, ರೆಕಾರ್ಡಿಂಗ್ ಕೆಲಸ):
ತಮಾ, ಮೊದ್ಲು ಒಂದು ಹೇಳ್ತೆ, ನಿನ್ನ ಗಿಟಾರೂ ಹಾಳಾಗಿಲ್ಲ ಇಂಟರ್ಫೇಸೂ ಹಾಳಾಗಿಲ್ಲ. ಪಿಕಪ್ ಹುಟ್ಟಿದ್ದೇ ಸ್ಟೇಜಿಗೆ. ಸ್ಟೇಜಲ್ಲಿ ಮೈಕ್ ಇಟ್ರೆ ಡ್ರಮ್ಸು, ಕೀಬೋರ್ಡು, ಮಾನಿಟರು ಎಲ್ಲಾ ಒಳಗೆ ಬರ್ತದೆ, ಕುಂಯ್ ಅಂತ ಫೀಡ್‌ಬ್ಯಾಕ್ ಹೊಡೀತದೆ, ಬಾರಿಸೋನು ಒಂದು ಗೇಣು ಆಚೆ ಈಚೆ ಆದ್ರೆ ದನಿ ಹೋಗ್ತದೆ. ಅದಕ್ಕೆ ಸ್ಯಾಡಲ್ ಅಡಿಗೆ, ಅಂದ್ರೆ ಬ್ರಿಡ್ಜ್ ಮೇಲೆ ತಂತಿ ಕೂರೂ ಆ ಬಿಳಿ ಪಟ್ಟಿ ಇರ್ತದಲ್ಲ ಅದರ ಕೆಳಗೆ, ಪೀಜೋ ಅಂತ ಒಂದು ತೆಳು ಪಟ್ಟಿ ಕೂರಿಸ್ತಾರೆ. ಒತ್ತಡ ಬಿದ್ದಾಗೆಲ್ಲ ಅದು ಸಣ್ಣ ಕರೆಂಟ್ ಕೊಡ್ತದೆ, ಅಷ್ಟೇ ಅದರ ಕೆಲಸ. ಮದ್ದಳೆ ಮುಚ್ಚಿಗೆಗೆ ಕಿವಿ ಒತ್ತಿ ಕೇಳಿದ ಹಾಗೆ. ಹೊಡೆತ ಎಲ್ಲಾ ಸಿಗ್ತದೆ, ಆದ್ರೆ ಮೇಲಿನ ಹಲಗೆ ಪೂರ್ತಿ ಅಲುಗಾಡಿ, ಹೊಟ್ಟೆಯ ಗಾಳಿ ತೂತಿಂದ ಹೊರಗೆ ಬಂದು, ಎಲ್ಲಾ ಸೇರಿ ನಿನ್ನ ಕಿವಿಗೆ ಬರೂ ದನಿ ಅದೆಯಲ್ಲ, ಅದು ಆ ಪಟ್ಟಿಗೆ ಗೊತ್ತೇ ಇಲ್ಲ. ಜೋರಾಗಿ ಸ್ಟ್ರಮ್ ಮಾಡಿದಾಗ ಟಕ್ ಟಕ್ ಹೆಚ್ಚಾಗೂದು ಇದಕ್ಕೇ. ಇಗರ್ಜಿಯಲ್ಲಿ ಚೊಲೋ ಕೇಳೂದು ಆ ದೊಡ್ಡ ಹಾಲಿನ ಪ್ರತಿಧ್ವನಿ ಸೇರಿ, ಮತ್ತೆ ಸುತ್ತ ಹತ್ತು ಜನ ಹಾಡ್ತಿರ್ತಾರೆ, ಮರದ ದನಿ ಅದೆಯಾ ಇಲ್ಲಾ ಅಂತ ಯಾರು ನೋಡ್ತಾರೆ.

ಹಮ್ಮಿಂಗಿಗೆ ಮೊದ್ಲು ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡು. ನಿಂತ್ರೆ ಅದು ಚಾರ್ಜರ್, ಅರ್ಥಿಂಗ್ ಕಡೆಯ ತೊಂದ್ರೆ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡ್ಬೇಡ, ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಜೂಂ ಗ್ಯಾರಂಟಿ. ಗಿಟಾರಿನ 9 ವೋಲ್ಟ್ ಬ್ಯಾಟರಿನೂ ಬದಲಿಸು, ಅದು ಇಳೀತಾ ಬಂದ್ರೆ ದನಿ ಒಡೀತದೆ. ಬಹಳ ಜನಕ್ಕೆ ಗೊತ್ತಿರೂದಿಲ್ಲ, ಜ್ಯಾಕ್ ಸಿಗಿಸಿದ ಕೂಡ್ಲೆ ಒಳಗಿನ ಪ್ರೀ ಆಂಪ್ (ಪಿಕಪ್ಪಿನ ಸಣ್ಣ ಸಿಗ್ನಲ್ ದೊಡ್ಡದು ಮಾಡೂದು) ಆನ್ ಆಗ್ತದೆ, ಬಾರಿಸಿ ಆದ್ಮೇಲೆ ಕೇಬಲ್ ಹಾಗೇ ಬಿಟ್ರೆ ಬ್ಯಾಟರಿ ಸುಮ್ನೆ ಖಾಲಿ ಆಗ್ತಾ ಇರ್ತದೆ.

ಇನ್ನು ಮೈಕ್ ವಿಷಯ. ದಂಡ ಅಲ್ಲ. ಹಾಡಿನಲ್ಲಿ ಗಿಟಾರ್ ಒಂದೇ ಇರೂದು, ಇಲ್ಲಾ ಗಿಟಾರ್ ಮತ್ತೆ ಒಂದು ದನಿ ಅಷ್ಟೇ ಇರೂದು ಅಂದ್ರೆ ಸಾಧಾರಣ ಕಂಡೆನ್ಸರ್ ಮೈಕೂ (ಸಣ್ಣ ದನಿನೂ ಹಿಡಿಯೂ, ಕರೆಂಟ್ ಬೇಕಾಗೂ ಜಾತಿದು) ಎಂಥ ಪಿಕಪ್ಪಿಗಿಂತಲೂ ವಾಸಿ, ನನ್ನ ಕಿವಿಗಂತೂ ಹಾಗೆ. ಡ್ರಮ್ಸು ಬಾಸು ಎಲ್ಲಾ ತುಂಬಿದ ಹಾಡಲ್ಲಿ ಹಿಂದೆ ಸ್ಟ್ರಮ್ಮಿಂಗ್ ಮಾತ್ರ ಬೇಕು ಅಂದ್ರೆ ಪಿಕಪ್ಪೇ ಸಾಕು, 2 ಕಿಲೋಹರ್ಟ್ಸ್ ಆಸುಪಾಸು ಈಕ್ಯೂದಲ್ಲಿ (ಬಾಸ್, ಟ್ರೆಬಲ್ ಹೀಗೆ ಬೇಕಾದ ಭಾಗ ಮಾತ್ರ ಏರಿಸಿ ಇಳಿಸೂದು) ಸ್ವಲ್ಪ ಇಳಿಸಿದ್ರೆ ಆ ಟಕ್ ಟಕ್ ತಗ್ತದೆ, ಯಾರಿಗೂ ಗೊತ್ತಾಗೂದಿಲ್ಲ.

ಪ್ರಶ್ನೆ (ಕೋಡಿಬಾಗ):
ಚಾರ್ಜರ್ ತೆಗೆದೆ, ಹಮ್ಮಿಂಗ್ ಹೋಯ್ತು ಅಣ್ಣಾ! ಮೈಕ್ ಎಲ್ಲಿಡೂದು? ತೂತಿನ ಎದುರಿಗೇ ಅಲ್ವಾ, ದನಿ ಅಲ್ಲಿಂದಲೇ ಬರೂದಲ್ವಾ?

ಉತ್ತರ:
ಎಲ್ರೂ ಮೊದ್ಲು ಇಡೂದು ಅಲ್ಲೇ. ತೂತಿಂದ ಬರೂದು ಹೊಟ್ಟೆಯೊಳಗಿನ ಗಾಳಿಯ ಗುಂಯ್, ದೊಡ್ಡ ಹೊಟ್ಟೆಯ ಗಿಟಾರಲ್ಲಿ ಅದು ಸುಮಾರು 100 ಹರ್ಟ್ಸ್ ಹತ್ರ. ಅದರ ಮೇಲೆ ಮೈಕ್ ಹತ್ರ ಇದ್ದಷ್ಟೂ ಬಾಸ್ ಉಬ್ಬುವ ಗುಣ ಕಾರ್ಡಿಯಾಯ್ಡ್, ಅಂದ್ರೆ ಮುಖದ ಕಡೆಯ ಸದ್ದೇ ಹೆಚ್ಚು ಹಿಡಿಯೂ ಮೈಕಿಗೆ ಇದ್ದೇ ಅದೆ. ಎರಡೂ ಸೇರಿದ್ರೆ ದಪ್ಪ ತಂತಿ ಮುಟ್ಟಿದಾಗೆಲ್ಲ ಢಂ ಢಂ, ಬೇರೆ ಎಂತದೂ ಕೇಳೂದಿಲ್ಲ. ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಪಟ್ಟಿ) ಎದುರಿಗೆ, ಒಂದು ಗೇಣು ಚಿಲ್ಲರೆ ದೂರ, 20ರಿಂದ 30 ಸೆಂಟಿಮೀಟರ್ ಅನ್ನು, ಮೈಕಿನ ಮುಖ ನೆಕ್ಕು ಬಾಡಿ ಕೂಡೂ ಜಾಗಕ್ಕೆ ಸ್ವಲ್ಪ ಓರೆ. ಹೆಡ್‌ಫೋನ್ ಹಾಕ್ಕೊಂಡು ಬಾರಿಸ್ತಾ ಬಾರಿಸ್ತಾ ನೀನೇ ಒಂಚೂರು ಎಡಕ್ಕೆ ಬಲಕ್ಕೆ ಸರಿದು ನೋಡು, ನಾಕು ಬೆರಳು ಸರಿದ್ರೂ ದನಿ ಬದಲಾಗ್ತದೆ. ತೂತಿನ ಕಡೆ ಸರಿದಂಗೆ ದಪ್ಪ, ನೆಕ್ ಕಡೆ ಸರಿದಂಗೆ ತೆಳು ಮತ್ತೆ ಬೆರಳು ಜಾರೂ ಕೀಂಯ್ ಕೀಂಯ್. ಈಕ್ಯೂದಲ್ಲಿ ತಿದ್ದೂಕಿಂತ ಹೀಗೆ ತಿದ್ದೂದು ನೂರು ಪಾಲು ಮೇಲು.

ಲಾರಿ ಸದ್ದಿಗೆ: ಕಾರ್ಡಿಯಾಯ್ಡ್ ಮೈಕಿನ ಬೆನ್ನು ಕಿವುಡು. ಬೆನ್ನನ್ನ ರಸ್ತೆ ಕಡೆ ಕಿಟಕಿಗೆ ಮಾಡು, ಅಂದ್ರೆ ನೀನು ಕಿಟಕಿಗೆ ಮುಖ ಮಾಡಿ ಕೂರ್ಬೇಕು, ಆಗ ನಿನ್ನ ಬೆನ್ನ ಹಿಂದಿನ ಗೋಡೆ ಮೈಕಿಗೆ ಎದುರಾಗ್ತದೆ, ಆ ಗೋಡೆಗೆ ದಪ್ಪ ಗಾದಿ ನಿಲ್ಸು, ಇಲ್ಲಾ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದಿಡು. ತೆಳು ಚಾದರ ಇಳಿಬಿಟ್ರೆ ಮೇಲಿನ ಚಿಂಯ್ ಅಂಬೂದು ಮಾತ್ರ ಹೋಗ್ತದೆ, ಲಾರಿ ಗುಡುಗುಡು ಹೋಗೂದಿಲ್ಲ. ಅದಕ್ಕೆ 80 ಹರ್ಟ್ಸ್‌ಗೆ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದು ತೆಗೆಯೂದು) ಹಾಕು, ಗಿಟಾರಿನ ದಪ್ಪ ಇ ತಂತಿ ಇರೂದು 82ರಲ್ಲಿ, ಅದರ ಕೆಳಗೆ ನಿನಗೆ ಬೇಕಾದ್ದು ಎಂತದೂ ಇಲ್ಲ. ಫ್ಯಾನ್ ಬಂದ್ ಮಾಡು, ಸೆಕೆ ಆದ್ರೂ ತಡ್ಕೊ.

ತಗಡಿನ ಮೇಲೆ ಮಳೆ ಬಿದ್ರೆ ಮಾತ್ರ ಯಾವ ಸಾಫ್ಟ್‌ವೇರೂ ಕಾಪಾಡೂದಿಲ್ಲ. ಫ್ಯಾನ್ ಸದ್ದು ಒಂದೇ ಸಮ ಇರ್ತದೆ, ಅದನ್ನ ತೆಗೀಬಹುದು. ಮಳೆ ಸದ್ದು ಕೆಳಗಿಂದ ಮೇಲಿನ ತನಕ ಹರಡಿರ್ತದೆ, ತಂತಿಯ ಹೊಳಪು ಇರೂ ಜಾಗದಲ್ಲೇ ಅದೂ ಕೂತಿರ್ತದೆ, ತೆಗೆಯೂಕೆ ಹೋದ್ರೆ ಗಿಟಾರ್ ನೀರಲ್ಲಿ ಅದ್ದಿ ತೆಗೆದಂಗೆ ಬರ್ತದೆ. ಹೊಳವಾದಾಗ ಮೈಕ್, ಹೊಯ್ಯುವಾಗ ಪಿಕಪ್. ಜೂನ್ ಜುಲೈಯಲ್ಲಿ ನಮ್ಮ ಕಡೆ ಬೇರೆ ದಾರಿ ಇಲ್ಲ.

ಪ್ರಶ್ನೆ (ಕುಮಟಾ):
ಸರ್ ಮಧ್ಯೆ ಬಂದೆ. ಇಂಟರ್ಫೇಸಲ್ಲಿ ಎರಡು ಇನ್‌ಪುಟ್ ಇದ್ಮೇಲೆ ಮೈಕು ಪಿಕಪ್ಪು ಎರಡೂ ಒಟ್ಟಿಗೇ ಹಾಕಿದ್ರೆ ಆಯ್ತಲ್ಲ? ನಾ ಹಾಗೆ ಮಾಡ್ದೆ, ಒಂದೊಂದೇ ಕೇಳಿದ್ರೆ ಅಡ್ಡಿಲ್ಲ, ಸೇರಿಸಿದ್ರೆ ಟೊಳ್ಳು ಟೊಳ್ಳು.

ಉತ್ತರ:
ಒಳ್ಳೆ ಪ್ರಶ್ನೆ, ನಾನೂ ಎರಡೂ ಹಾಕೂದೇ. ಟೊಳ್ಳಾಗೂದು ಯಾಕೆ ಅಂದ್ರೆ ಎರಡೂ ಒಂದೇ ಹೊತ್ತಿಗೆ ಬರೂದಿಲ್ಲ. ಪಿಕಪ್ಪಿಗೆ ತಂತಿ ಮಿಡಿದ ಕ್ಷಣವೇ ಸಿಗ್ತದೆ. ಮೈಕಿಗೆ ಗಾಳಿಯಲ್ಲಿ ಹೋಗಿ ಮುಟ್ಬೇಕು, ಶಬ್ದ ಒಂದು ಮಿಲಿಸೆಕೆಂಡಿಗೆ ಹೋಗೂದು ಸುಮಾರು 34 ಸೆಂಟಿಮೀಟರ್. ಮೈಕ್ 30 ಸೆಂಟಿಮೀಟರ್ ದೂರ ಇದ್ರೆ ಹತ್ರ ಹತ್ರ 0.9 ಮಿಲಿಸೆಕೆಂಡ್ ತಡ. ಇಷ್ಟೇ ಇಷ್ಟು ಅಂತ ಬಿಡಬೇಡಿ, ಎರಡನ್ನೂ ಸಮ ಸಮ ಸೇರಿಸಿದ್ರೆ 570 ಹರ್ಟ್ಸ್ ಸುತ್ತಮುತ್ತ ಒಂದಕ್ಕೊಂದು ಹೊಡಕೊಂಡು ಗುಳಿ ಬೀಳ್ತದೆ, ಮೇಲೆ ಇನ್ನೂ ಬೇಕಾದಷ್ಟು ಕಡೆ ಬೀಳ್ತದೆ. ಗಿಟಾರಿನ ಮೈ ಇರೂದೇ ಅಲ್ಲಿ.

ಮಾಡೂದು ಇಷ್ಟು. ಹಾಡು ಶುರು ಮಾಡೂ ಮೊದ್ಲು ಒಂದೇ ಒಂದು ತಂತಿ ಗಟ್ಟಿ ಮಿಡಿದು ನಿಲ್ಸಿ. ಆಮೇಲೆ ಸ್ಕ್ರೀನಲ್ಲಿ ಎರಡೂ ಟ್ರ್ಯಾಕನ್ನ ಪೂರಾ ಝೂಮ್ ಮಾಡಿ ಆ ಮಿಡಿತದ ಮೊದಲ ಏರು ನೋಡಿ, ಪಿಕಪ್ದು ಮುಂದೆ ಇರ್ತದೆ. ಪಿಕಪ್ ಟ್ರ್ಯಾಕನ್ನ ಹಿಂದಕ್ಕೆ ಸರಿಸಿ ಮೈಕಿನ ಏರಿಗೆ ಕೂರಿಸಿ, 48 ಕಿಲೋಹರ್ಟ್ಸಲ್ಲಿ ರೆಕಾರ್ಡ್ ಮಾಡಿದ್ರೆ 42 ಸ್ಯಾಂಪಲ್ ಆಸುಪಾಸು ಬರ್ತದೆ. ಅದಾದ್ಮೇಲೆ ಒಂದು ಟ್ರ್ಯಾಕಿನ ಫೇಸ್ ಬಟನ್ (ಶಬ್ದದ ಅಲೆಯನ್ನ ತಲೆಕೆಳಗೆ ಮಾಡೂದು) ಒತ್ತಿ ತೆಗೆದು ಒತ್ತಿ ತೆಗೆದು ಕೇಳಿ, ಯಾವುದರಲ್ಲಿ ಬಾಸ್ ತುಂಬಿ ಬರ್ತದೋ ಅದು ಸರಿ. ಮೈಕ್ ದನಿ ಮುಂದೆ ಇರ್ಲಿ, ಪಿಕಪ್ ಕೆಳಗಿಂದ ಸೇರಿಸ್ತಾ ಬನ್ನಿ, ಪಿಕಪ್ ಅಂತ ಕಿವಿಗೆ ಗೊತ್ತಾದ ಕೂಡ್ಲೆ ಸ್ವಲ್ಪ ಇಳಿಸಿ ಬಿಟ್ಬಿಡಿ. ಮತ್ತೆ ಬಾರಿಸುವಾಗ ಮೈಕಿನ ಹತ್ರ ದೂರ ಅಲ್ಲಾಡ್ಬೇಡಿ, ಅಲ್ಲಾಡಿದ್ರೆ ಈ ಲೆಕ್ಕ ಎಲ್ಲಾ ಮಣ್ಣುಪಾಲು.

ಇದರಲ್ಲಿ ಇನ್ನೊಂದು ಅನುಕೂಲ. ಹಾಡಿನ ನಡುವೆ ಲಾರಿ ಹಾರ್ನ್ ಹೊಡೆದ್ರೆ ಆ ಎರಡು ಸೆಕೆಂಡು ಮೈಕ್ ಇಳಿಸಿ ಪಿಕಪ್ ಏರಿಸಿದ್ರೆ ಟೇಕ್ ಉಳೀತದೆ.

ಪ್ರಶ್ನೆ (ಗೋಕರ್ಣ):
ನಾವು ಸಂಜೆ ಹೊತ್ತು ಕೆಫೆಲಿ ಬಾರಿಸೂದು. ಅಲ್ಲೂ ಮೈಕ್ ಇಡೂದಾ?

ಉತ್ತರ:
ಬ್ಯಾಡ ಮಾರಾಯಾ. ಅಲ್ಲಿ ಪಿಕಪ್ಪೇ. ಫೀಡ್‌ಬ್ಯಾಕ್ ಬಂದ್ರೆ ಗಿಟಾರಿನ ತೂತಿಗೆ ಹಾಕೂ ರಬ್ಬರ್ ಮುಚ್ಚಳ ಸಿಗ್ತದೆ, ಹಾಕು. ಡಬ್ಬಿಯಲ್ಲಿ ಫೇಸ್ ಬಟನ್ ಇದ್ರೆ ಅದನ್ನೂ ಒತ್ತಿ ನೋಡು.

ಪ್ರಶ್ನೆ (ಯಲ್ಲಾಪುರ):
ಅಣ್ಣಾ ನಮ್ಮ ಗಿಟಾರಿಗೆ ಪಿಕಪ್ ಆಮೇಲೆ ಹಾಕ್ಸಿದ್ದು, ಬ್ಯಾಟರಿ ಎಂತದೂ ಇಲ್ಲ, ಬರೀ ಜ್ಯಾಕ್. ಮಿಕ್ಸರಿಗೆ ಹಾಕಿದ್ರೆ ಬಾಸೇ ಇಲ್ಲ. ಮತ್ತೆ ಮಳೆಗಾಲದಲ್ಲಿ ಗಿಟಾರೇ ಮಂಕಾಗ್ತದೆ, ತಂತಿ ಎತ್ತರ ಆಗ್ತದೆ, ಅದಕ್ಕೆ ಎಂತ ಮಾಡೂದು?

ಉತ್ತರ:
ಬ್ಯಾಟರಿ ಇಲ್ಲದ ಪೀಜೋಕ್ಕೆ ಎದುರಿಗೆ ಬಹಳ ದೊಡ್ಡ ಇಂಪಿಡೆನ್ಸ್ (ಇನ್‌ಪುಟ್ ಸಿಗ್ನಲ್ಲಿಗೆ ಒಡ್ಡೂ ತಡೆ) ಬೇಕು, 1 ಮೆಗಾಓಮ್ ಅಥವಾ ಅದಕ್ಕೂ ಮೇಲೆ. ಮಿಕ್ಸರಿನ ಮೈಕ್ ಇನ್‌ಪುಟ್ಟಲ್ಲಿ ಇರೂದು ಕೆಲವೇ ಕಿಲೋಓಮ್, ಅಲ್ಲಿಗೆ ಹಾಕಿದ್ರೆ ಬಾಸೇ ಮೊದ್ಲು ಸಾಯ್ತದೆ. ಇಂಟರ್ಫೇಸಲ್ಲಿ ಇನ್‌ಸ್ಟ್ರುಮೆಂಟ್ ಅಂತ ಬಟನ್ ಇರ್ತದೆ, ಅದನ್ನ ಒತ್ತು. ಮಿಕ್ಸರೇ ಆದ್ರೆ ನಡುವೆ ಅಕೌಸ್ಟಿಕ್ ಪ್ರೀ ಆಂಪ್ ಇಲ್ಲಾ ಆಕ್ಟಿವ್ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನ ಮಿಕ್ಸರಿಗೆ ಹೊಂದಿಸೂ ಡಬ್ಬಿ) ಹಾಕು.

ಮಂಕಾಗೂದು ಮರ ನೀರು ಕುಡಿದು. ಮರದ ಗಿಟಾರಿಗೆ ಬೇಕಾದ್ದು 45ರಿಂದ 55 ಪರ್ಸೆಂಟ್ ತೇವಾಂಶ, ನಮ್ಮಲ್ಲಿ ಆಷಾಢದಲ್ಲಿ ಬೆಂಕಿಪೆಟ್ಟಿಗೆ ಕಡ್ಡಿನೇ ಹತ್ತೂದಿಲ್ಲ, ಗಿಟಾರ್ ಬಿಡ್ತದಾ. ಮೇಲಿನ ಹಲಗೆ ಉಬ್ಬಿ ಬ್ರಿಡ್ಜ್ ಎತ್ತರ ಆಗ್ತದೆ, ಜೊತೆಗೇ ತಂತಿನೂ ಏಳ್ತದೆ. ಬಾರಿಸಿ ಆದ್ಮೇಲೆ ಗೋಡೆಗೆ ತೂಗು ಹಾಕ್ಬೇಡ, ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಚೀಲ ಹಾಕಿ ಮುಚ್ಚಿಡು. ಬಣ್ಣ ಬದಲಾಗೂ ಜೆಲ್ ತಗೊಂಡ್ರೆ ಯಾವಾಗ ಬಿಸಿ ಮಾಡಿ ಒಣಗಿಸ್ಬೇಕು ಅಂತ ನೋಡಿದ್ರೇ ಗೊತ್ತಾಗ್ತದೆ. ಸ್ಯಾಡಲ್ ಉಜ್ಜಿ ತಗ್ಗಿಸೂಕೆ ಮಳೆಗಾಲದಲ್ಲಿ ಹೋಗ್ಬೇಡ, ಬೇಸಿಗೆಗೆ ಮರ ಇಳಿದಾಗ ತಂತಿ ಫ್ರೆಟ್ಟಿಗೆ ತಾಗ್ತದೆ. ಕಂಡೆನ್ಸರ್ ಮೈಕಿಗೂ ಇದೇ ಉಪಚಾರ, ತೇವ ಹೊಕ್ರೆ ಚಟ ಚಟ ಅಂತದೆ.

ಪ್ರಶ್ನೆ (ಕೋಡಿಬಾಗ):
ಅಣ್ಣಾ ಕಡೆದಾಗಿ. ಇಗರ್ಜಿಯಲ್ಲಿ ಹಾಡೂಕೆ ಇಟ್ಟ ಡೈನಾಮಿಕ್ ಮೈಕ್ ಅದೆ, ಕೇಳಿದ್ರೆ ಕೊಡ್ತಾರೆ. ಅದು ಹೊರಗಿನ ಸದ್ದು ಎಳೆಯೂದಿಲ್ಲ ಅಂತಾರಲ್ಲ, ಅದೇ ಸಾಕಾ?

ಉತ್ತರ:
ಎಳೆಯೂದಿಲ್ಲ ಅನ್ನೂದು ಅರ್ಧ ಸತ್ಯ. ಅದನ್ನ ಬಾಯಿಗೆ ಹಚ್ಚಿ ಹಾಡ್ತಾರೆ, ಅದಕ್ಕೆ ಹೊರಗಿನ ಸದ್ದು ಕಡಿಮೆ ಕೇಳೂದು. ಗಿಟಾರಿಗೆ ಒಂದು ಗೇಣು ದೂರ ಇಟ್ಟು ಗೇನ್ (ಇನ್‌ಪುಟ್ ಸಿಗ್ನಲ್ ಎಷ್ಟು ಜೋರು ಅನ್ನೂ ನಾಬ್) ಏರಿಸಿದ್ರೆ ಲಾರಿನೂ ಅಷ್ಟೇ ಬರ್ತದೆ, ಮೇಲಿಂದ ಇಂಟರ್ಫೇಸಿನ ಹಿಸ್ ಬೇರೆ. ಆದ್ರೂ ಖರ್ಚಿಲ್ಲದ್ದು, ಮೊದ್ಲು ತಂದು ಅದರಲ್ಲೇ ಜಾಗ ಹುಡ್ಕು, ಯಾವ ಕೋಣೆ ಯಾವ ಗೋಡೆ ಯಾವ ಹೊತ್ತು ಅಂತ. ನನ್ನ ಕೇಳಿದ್ರೆ ಲಾರಿ ಕಡಿಮೆ ಆಗೂದು ರಾತ್ರಿ, ಆದ್ರೆ ರಾತ್ರಿ ಕಪ್ಪೆ ಶುರು, ಬೆಳಗಿನ ಜಾವ ನಾಕು ಐದು ಗಂಟೆ ನೋಡು. ಅದರಲ್ಲಿ ಮನಸಿಗೆ ಬರೂ ಹಾಗೆ ಒಂದು ಟೇಕ್ ಆದ್ಮೇಲೆ ಸಣ್ಣ ಡಯಾಫ್ರಾಮಿನ (ಒಳಗೆ ಶಬ್ದಕ್ಕೆ ಅಲುಗೂ ಪರದೆ) ಕಂಡೆನ್ಸರ್ ತಗೋ. ಅದಕ್ಕೆ ಇಂಟರ್ಫೇಸಿಂದ ಮೈಕಿಗೆ ಕರೆಂಟ್ ಕೊಡೂ 48 ವೋಲ್ಟ್ ಫ್ಯಾಂಟಮ್ ಬಟನ್ ಒತ್ಬೇಕಾಗ್ತದೆ, ಒತ್ತೂ ಮೊದ್ಲು ಗೇನ್ ಪೂರಾ ಇಳಿಸಿ ಹೆಡ್‌ಫೋನ್ ಕಿವಿಯಿಂದ ತೆಗೆದಿಡು. ರೆಕಾರ್ಡಿಂಗ್ 24 ಬಿಟ್‌ಗೆ ಇಟ್ಟು, ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12 ಡೆಸಿಬಲ್ ದಾಟದ ಹಾಗೆ ಗೇನ್ ಇಡು, ಕಡಿಮೆ ಆದ್ರೆ ಆಮೇಲೆ ಏರಿಸೂಕೆ ಬರ್ತದೆ, ಕೆಂಪು ಹತ್ತಿ ಒಡೆದದ್ದನ್ನ ಎಂತ ಮಾಡೂಕೂ ಬರೂದಿಲ್ಲ. ಹೊಸ ತಂತಿ ಹಾಕಿದ್ರೆ ಒಂದಿನ ಬಾರಿಸಿ ಎಳೆದು ಕೂತ್ಮೇಲೆ ರೆಕಾರ್ಡ್ ಮಾಡು, ಸಮುದ್ರದ ಗಾಳಿಗೆ ತುಕ್ಕು ಹಿಡಿದ ಹಳೇ ತಂತಿ ಇಟ್ಕೊಂಡು ಮೈಕಿಗೆ ಬೈಬೇಡ. ಟೇಕ್ ಆದ್ಮೇಲೆ ಎರಡೂ ಟ್ರ್ಯಾಕ್ ಬೇರೆ ಬೇರೆ ವೇವ್ ಫೈಲ್ ಮಾಡಿ ಇಲ್ಲೇ ಹಾಕು, ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ರೆ ನಂಗೆ ಎಂತದೂ ಗೊತ್ತಾಗೂದಿಲ್ಲ.